ಏಕಾದಶಿಯ ಉಪವಾಸವೂ ದೇಹದೊಳಗಿನ ಅಗ್ನಿಯೂ

ಪಕ್ಷಕ್ಕೊಮ್ಮೆ ಬರುವ ಏಕಾದಶಿಯ ಮಹಿಮೆಯನ್ನು ನಮ್ಮ ಓದುಗರಿಗೆ ಹೊಸದಾಗಿ ಹೇಳಬೇಕಾದುದಿಲ್ಲ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಈ ವ್ರತವನ್ನು ಕುರಿತು ವಿಸ್ತಾರವಾಗಿ ತಿಳಿಸಿದ್ದಾರೆ; ವಿದ್ವಾಂಸರು ಪ್ರವಚನಗಳಲ್ಲಿ ಅದನ್ನು ವಿವರಿಸುತ್ತಲೇ ಬಂದಿದ್ದಾರೆ. ಆದರೆ ಅಂದು ಅನ್ನವಿಲ್ಲದ ದೇಹದೊಳಗೆ ನಡೆಯುವುದೇನು, ಒಲೆಗೆ ಸೌದೆಯನ್ನು ಇಡದಿದ್ದರೂ ಬೆಂಕಿ ಆರದೆ ಉರಿಯುವುದು ಹೇಗೆ ಎಂಬ ಪ್ರಶ್ನೆಯನ್ನು ನಾವು ಸಾಮಾನ್ಯವಾಗಿ ಕೇಳಿಕೊಳ್ಳುವುದಿಲ್ಲ. ದಶಮಿಯ ಊಟದಿಂದ ದ್ವಾದಶಿಯ ಪಾರಣೆಯವರೆಗೆ ದೇಹದ ಪಚನಕ್ರಿಯೆಯು ಹಿಡಿಯುವ ದಾರಿಯನ್ನು ಇಲ್ಲಿ ಕ್ರಮವಾಗಿ ನೋಡೋಣ. ಇದು ಕೇವಲ ಕುತೂಹಲಕ್ಕಾಗಿ ಅಲ್ಲ. ಈ ದಾರಿಯನ್ನು ತಿಳಿದವರು ತಮ್ಮ ಮನೆಯ ಹಿರಿಯರನ್ನು ದೊಡ್ಡದೊಂದು ಅಪಾಯದಿಂದ ಕಾಪಾಡಬಲ್ಲರು ಎಂಬುದೇ ಈ ಬರಹಕ್ಕೆ ಮುಖ್ಯ ಕಾರಣ.

ಮೊದಲು ಕಾಲದ ಲೆಕ್ಕ. ದಶಮಿಯ ರಾತ್ರಿ, ಏಕಾದಶಿಯ ಹಗಲು ಮತ್ತು ರಾತ್ರಿ, ದ್ವಾದಶಿಯ ರಾತ್ರಿ ಹೀಗೆ ನಾಲ್ಕು ಹೊತ್ತಿನ ಊಟವನ್ನು ಬಿಡುವುದು ವ್ರತದ ಕ್ರಮ. ದಶಮಿಯ ಮಧ್ಯಾಹ್ನ ೧೨ ಗಂಟೆಗೆ ಉಂಡವರು ದ್ವಾದಶಿಯ ಬೆಳಿಗ್ಗೆ ೬ ಗಂಟೆಗೆ ಪಾರಣೆ ಮಾಡಿದರೆಂದು ಇಟ್ಟುಕೊಂಡರೆ ನಡುವೆ ಸಲ್ಲುವ ಕಾಲ ೪೨ ಗಂಟೆ. ಒಂದು ದಿನದ ಉಪವಾಸವೆಂದು ನಾವು ಹೇಳುವುದು ದೇಹದ ಗಡಿಯಾರದಲ್ಲಿ ಎರಡು ದಿನಕ್ಕೆ ಸಮೀಪವಾಗಿದೆ.

ಅಗ್ನಿಯೆಂಬ ಮಾತು

ಭಗವದ್ಗೀತೆಯ ಹದಿನೈದನೆಯ ಅಧ್ಯಾಯದಲ್ಲಿ ಭಗವಂತನು ತಾನೇ ವೈಶ್ವಾನರನಾಗಿ ಪ್ರಾಣಿಗಳ ದೇಹದಲ್ಲಿದ್ದು ಚತುರ್ವಿಧವಾದ ಅನ್ನವನ್ನು ಪಚನಮಾಡುವನೆಂದು ಹೇಳಿದೆ. ಆಯುರ್ವೇದವು ಜಠರಾಗ್ನಿ ಒಂದು, ಭೂತಾಗ್ನಿಗಳು ಐದು, ಧಾತ್ವಗ್ನಿಗಳು ಏಳು ಎಂದು ಹದಿಮೂರು ಅಗ್ನಿಗಳನ್ನು ಎಣಿಸುತ್ತದೆ. ಇಲ್ಲಿ ಗಮನಿಸತಕ್ಕ ಅಂಶವೆಂದರೆ, ಪಚನವು ಹೊಟ್ಟೆಯಲ್ಲಿಯೇ ಮುಗಿಯುವುದಿಲ್ಲ, ಧಾತುಧಾತುಗಳಲ್ಲಿಯೂ ಮುಂದುವರಿಯುತ್ತದೆ ಎಂಬ ಭಾವನೆ. ಆಧುನಿಕರು ಜೀರ್ಣಕ್ರಿಯೆ ಮತ್ತು ಚಯಾಪಚಯ ಎಂದು ಎರಡಾಗಿ ವಿಂಗಡಿಸುವುದೂ ಇದನ್ನೇ ಹೋಲುತ್ತದೆ. ಅನ್ನವನ್ನು ಒಡೆದು ರಕ್ತಕ್ಕೆ ಸೇರುವಂತೆ ಮಾಡುವುದು ಜೀರ್ಣಕ್ರಿಯೆ. ಹಾಗೆ ಸೇರಿದುದನ್ನು ಕಣಕಣವೂ ಬಳಸಿ ಶಕ್ತಿಯನ್ನು ಪಡೆಯುವುದು, ಕೂಡಿಡುವುದು, ಕಟ್ಟುವುದು, ಕಳೆಯುವುದು ಇವೆಲ್ಲ ಚಯಾಪಚಯ.

ಪಶ್ಚಿಮ ದೇಶಗಳಲ್ಲಿ ಈ ವಿಚಾರವನ್ನು ತೂಕದಿಂದ ಅಳೆಯಲು ಹೊರಟವನು ಇಟಲಿಯ ವೈದ್ಯ ಸಾಂಟೋರಿಯೊ. ಅವನು ತಕ್ಕಡಿಗೆ ತೂಗುಹಾಕಿದ ಕುರ್ಚಿಯಲ್ಲಿ ಕುಳಿತು, ತಿಂದುದನ್ನೂ ವಿಸರ್ಜಿಸಿದುದನ್ನೂ ವರ್ಷಗಟ್ಟಲೆ ತೂಗಿ, ೧೬೧೪ರಲ್ಲಿ ಗ್ರಂಥವನ್ನು ಪ್ರಕಟಿಸಿದನು. ಒಳಗೆ ಹೋದುದಕ್ಕಿಂತ ಹೊರಗೆ ಬಂದುದು ಬಹಳ ಕಡಿಮೆಯೆಂದೂ, ಉಳಿದುದು ಕಣ್ಣಿಗೆ ಕಾಣದಂತೆ ಚರ್ಮದಿಂದಲೂ ಉಸಿರಿನಿಂದಲೂ ಹೊರಟುಹೋಗುವುದೆಂದೂ ಅವನು ತೋರಿಸಿದನು. ಮುಂದೆ ೧೭೮೨-೮೩ರಲ್ಲಿ ಫ್ರಾನ್ಸಿನ ಲವಾಸಿಯೆ ಮತ್ತು ಲಾಪ್ಲಾಸ್ ಎಂಬುವರು ಗಿನಿಹಂದಿಯೊಂದನ್ನು ಮಂಜುಗಡ್ಡೆಯಿಂದ ಸುತ್ತುವರಿದ ಪಾತ್ರೆಯಲ್ಲಿರಿಸಿ, ಅದರ ಮೈಶಾಖಕ್ಕೆ ಕರಗಿದ ಮಂಜನ್ನು ಅಳೆದರು. ಪ್ರಾಣಿಯ ಉಸಿರಾಟವು ಇದ್ದಿಲು ಉರಿಯುವಂತಹುದೇ ಒಂದು ನಿಧಾನವಾದ ದಹನವೆಂಬ ನಿರ್ಣಯಕ್ಕೆ ಅವರು ಬಂದರು. ದೇಹದಲ್ಲಿ ಅಗ್ನಿಯಿದೆಯೆಂಬುದು ಹೀಗೆ ಅಳತೆಗೂ ಸಿಕ್ಕಿತು. ಒಳಗಿದ್ದು ನಡೆಸುವವನು ಯಾರೆಂಬುದು ಶಾಸ್ತ್ರದ ವಿಷಯ. ಯಾವ ಮೆಟ್ಟಿಲುಗಳಲ್ಲಿ ನಡೆಯುತ್ತದೆಂಬುದು ವಿಜ್ಞಾನದ ವಿಷಯ. ಒಂದರ ಕೆಲಸವನ್ನು ಮತ್ತೊಂದರಿಂದ ಮಾಡಿಸದಿದ್ದರೆ ಎರಡಕ್ಕೂ ಗೌರವ ಸಲ್ಲುತ್ತದೆ.

ದಶಮಿಯ ಊಟ

ದಶಮಿಯ ಮಧ್ಯಾಹ್ನ ಎಲೆಯ ಮೇಲೆ ಅನ್ನ, ತೊವ್ವೆ, ತುಪ್ಪ, ಪಲ್ಯ, ಮಜ್ಜಿಗೆ ಇವೆಯೆಂದು ಭಾವಿಸೋಣ. ಪಚನವು ಬಾಯಿಯಲ್ಲಿಯೇ ಆರಂಭವಾಗುತ್ತದೆ. ದಿನಕ್ಕೆ ಸುಮಾರು ಒಂದರಿಂದ ಒಂದೂವರೆ ಲೀಟರಿನಷ್ಟು ಸುರಿಯುವ ಜೊಲ್ಲಿನಲ್ಲಿ ಪಿಷ್ಟವನ್ನು ಒಡೆಯುವ ಕಿಣ್ವವಿದೆ. ಅನ್ನವನ್ನು ಚೆನ್ನಾಗಿ ಅಗಿದರೆ ತುಸು ಸಿಹಿಯೆನಿಸುವುದು ಇದರಿಂದಲೇ.

ಮುಂದಿನ ಸ್ಥಾನ ಜಠರ. ಅಲ್ಲಿ ನಡೆಯುವುದನ್ನು ಕಣ್ಣಾರೆ ಕಂಡ ಕಥೆಯೊಂದು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಪ್ರಸಿದ್ಧವಾಗಿದೆ. ೧೮೨೨ರ ಜೂನ್ ೬ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ತರುಣನಿಗೆ ಆಕಸ್ಮಿಕವಾಗಿ ಹೊಟ್ಟೆಯ ಬಳಿ ಗುಂಡು ತಗಲಿತು. ಸೈನ್ಯದ ವೈದ್ಯ ವಿಲಿಯಂ ಬೋಮಾಂಟ್ ಅವನನ್ನು ಬದುಕಿಸಿದನು. ಆದರೆ ಜಠರಕ್ಕೆ ತೆರೆದ ರಂಧ್ರವು ಮುಚ್ಚಲೇ ಇಲ್ಲ. ಬೋಮಾಂಟನು ಆಹಾರದ ತುಣುಕುಗಳನ್ನು ರೇಷ್ಮೆದಾರಕ್ಕೆ ಕಟ್ಟಿ ಆ ರಂಧ್ರದಿಂದ ಇಳಿಬಿಟ್ಟು, ಎಷ್ಟು ಹೊತ್ತಿಗೆ ಯಾವುದು ಕರಗುವುದೆಂದು ನೋಡಿ, ೧೮೩೩ರಲ್ಲಿ ಪುಸ್ತಕವನ್ನು ಹೊರತಂದನು. ಜಠರರಸವು ಆಹಾರ ಬಂದಾಗ ಸುರಿಯುವುದೆಂದೂ, ಕೋಪೋದ್ರೇಕವು ಪಚನವನ್ನು ಕೆಡಿಸುವುದೆಂದೂ ಅವನು ಕಂಡುಕೊಂಡನು. ಊಟದ ವೇಳೆ ಸಿಟ್ಟು ಬೇಡವೆಂದು ನಮ್ಮ ಅಜ್ಜಿಯರು ಹೇಳುತ್ತಿದ್ದುದಕ್ಕೆ ಇಷ್ಟು ದೂರದಿಂದ ಒಂದು ಸಾಕ್ಷ್ಯ ದೊರೆಯಿತು.

ಜಠರದಲ್ಲಿ ಹೈಡ್ರೋಕ್ಲೋರಿಕ್ ಆಮ್ಲವೂ ಪೆಪ್ಸಿನ್ ಎಂಬ ಕಿಣ್ವವೂ ಸೇರಿ ತೊವ್ವೆಯ ಸಸಾರಜನಕವನ್ನು ಒಡೆಯಲು ತೊಡಗುತ್ತವೆ. ಗಂಜಿಯಂತಾದ ಅನ್ನವು ಸ್ವಲ್ಪ ಸ್ವಲ್ಪವಾಗಿ ಸುಮಾರು ಆರು ಮೀಟರು ಉದ್ದದ ಸಣ್ಣ ಕರುಳಿಗೆ ಇಳಿಯುತ್ತದೆ. ಅಲ್ಲಿ ಯಕೃತ್ತಿನಿಂದ ಬಂದ ಪಿತ್ತರಸವು ತುಪ್ಪವನ್ನು ಸಣ್ಣ ಹನಿಗಳಾಗಿ ಚದುರಿಸುತ್ತದೆ. ಮೇದೋಜೀರಕ ಗ್ರಂಥಿಯ ರಸವು ಪಿಷ್ಟ, ಸಸಾರಜನಕ, ಕೊಬ್ಬು ಮೂರನ್ನೂ ಕೊನೆಯವರೆಗೆ ಒಡೆಯುತ್ತದೆ. ಅನ್ನವು ಗ್ಲೂಕೋಸ್ ಆಗುತ್ತದೆ, ತೊವ್ವೆಯು ಅಮೈನೋ ಆಮ್ಲಗಳಾಗುತ್ತದೆ, ತುಪ್ಪವು ಕೊಬ್ಬಿನ ಆಮ್ಲಗಳಾಗುತ್ತದೆ. ಕರುಳಿನ ಒಳಗೋಡೆಯ ಮಖಮಲ್ಲಿನಂತಹ ಎಳೆಗಳು ಇವನ್ನು ಹೀರಿಕೊಳ್ಳುತ್ತವೆ. ಗ್ಲೂಕೋಸ್ ಮತ್ತು ಅಮೈನೋ ಆಮ್ಲಗಳು ನೇರವಾಗಿ ಯಕೃತ್ತಿಗೆ ಸಾಗುತ್ತವೆ; ಕೊಬ್ಬಿನ ಹೆಚ್ಚಿನ ಪಾಲು ದುಗ್ಧರಸದ ನಾಳಗಳ ಮೂಲಕ ಸುತ್ತಿಬಂದು ರಕ್ತವನ್ನು ಸೇರುತ್ತದೆ.

ಕಣಜದ ವ್ಯವಸ್ಥೆ

ಇಲ್ಲಿ ಒಂದು ಆಶ್ಚರ್ಯವಿದೆ. ನಾವು ತಟ್ಟೆಯ ತುಂಬ ಅನ್ನವನ್ನು ಉಂಡರೂ, ಆರೋಗ್ಯವಂತನ ರಕ್ತದಲ್ಲಿ ಯಾವಾಗಲೂ ಇರುವ ಸಕ್ಕರೆಯ ಒಟ್ಟು ಮೊತ್ತ ಸುಮಾರು ಐದು ಗ್ರಾಂ, ಎಂದರೆ ಒಂದು ಚಮಚೆಯಷ್ಟು ಮಾತ್ರ. ಇದು ಬಹಳ ಏರಲೂ ಬಾರದು, ಬಹಳ ಇಳಿಯಲೂ ಬಾರದು. ಈ ಒಂದು ಚಮಚೆಯನ್ನು ಕಾಯುವುದೇ ಚಯಾಪಚಯದ ಬಹುದೊಡ್ಡ ಕೆಲಸ. ಊಟವಾದಾಗ ಮೇದೋಜೀರಕ ಗ್ರಂಥಿಯಿಂದ ಇನ್ಸುಲಿನ್ ಹೊರಟು, ಹೆಚ್ಚಿನ ಸಕ್ಕರೆಯನ್ನು ಕಣಜಕ್ಕೆ ತುಂಬುವಂತೆ ಆಜ್ಞೆಯನ್ನೀಯುತ್ತದೆ. ಹಸಿವಿನ ವೇಳೆ ಅದೇ ಗ್ರಂಥಿಯಿಂದ ಗ್ಲುಕಗಾನ್ ಎಂಬುದು ಹೊರಟು ಕಣಜದ ಬಾಗಿಲನ್ನು ತೆರೆಸುತ್ತದೆ. ಒಂದು ತುಂಬುವ ಕೈ, ಇನ್ನೊಂದು ತೆಗೆಯುವ ಕೈ.

ಮೊದಲನೆಯ ಕಣಜ ಯಕೃತ್ತು. ಅಲ್ಲಿ ಸಕ್ಕರೆಯು ಗ್ಲೈಕೋಜನ್ ಎಂಬ ರೂಪದಲ್ಲಿ ಸುಮಾರು ೧೦೦ ಗ್ರಾಂ ಇರುತ್ತದೆ. ಇದನ್ನು ೧೮೫೭ರಲ್ಲಿ ಬೇರ್ಪಡಿಸಿ ತೋರಿಸಿದವನು ಫ್ರಾನ್ಸಿನ ಕ್ಲೋದ್ ಬೆರ್ನಾರ್. ಎರಡನೆಯ ಕಣಜವಾದ ಸ್ನಾಯುಗಳಲ್ಲಿ ಸುಮಾರು ೪೦೦ ಗ್ರಾಂ ಗ್ಲೈಕೋಜನ್ ಇದೆ. ಆದರೆ ಅದು ಆಯಾ ಸ್ನಾಯುವಿನ ಸ್ವಂತ ಬಳಕೆಗೇ ಮೀಸಲು, ರಕ್ತಕ್ಕೆ ಸಕ್ಕರೆಯನ್ನು ಹಿಂದಿರುಗಿಸಲಾರದು. ಮೂರನೆಯದು ಕೊಬ್ಬಿನ ಕಣಜ. ಒಂದು ಗ್ರಾಂ ಪಿಷ್ಟದಿಂದ ೪ ಕಿಲೋಕ್ಯಾಲರಿ ಶಕ್ತಿ ದೊರೆತರೆ ಒಂದು ಗ್ರಾಂ ಕೊಬ್ಬಿನಿಂದ ೯ ಕಿಲೋಕ್ಯಾಲರಿ ದೊರೆಯುತ್ತದೆ. ೬೦ ಕಿಲೋ ತೂಕದವರು ಸುಮ್ಮನೆ ಮಲಗಿದ್ದರೂ ದಿನಕ್ಕೆ ಸುಮಾರು ೧,೪೦೦ ಕಿಲೋಕ್ಯಾಲರಿ ವ್ಯಯವಾಗುತ್ತದೆ. ಯಕೃತ್ತಿನ ೧೦೦ ಗ್ರಾಮಿನಲ್ಲಿರುವುದು ೪೦೦ ಕಿಲೋಕ್ಯಾಲರಿ. ಹತ್ತು ಕಿಲೋ ಕೊಬ್ಬಿನಲ್ಲಿರುವುದು ೯೦,೦೦೦. ಒಂದು ಕೈಚೀಲದ ಹಣ, ಇನ್ನೊಂದು ಭೂಮಿಯಲ್ಲಿ ಹೂಳಿಟ್ಟ ನಿಧಿ.

ಏಕಾದಶಿಯ ಹಗಲು ಮತ್ತು ರಾತ್ರಿ

ದಶಮಿಯ ಸಂಜೆಯ ಹೊತ್ತಿಗೆ ಊಟದ ಬಹುಭಾಗವು ಹೀರಲ್ಪಟ್ಟಿರುತ್ತದೆ. ರಾತ್ರಿಯಿಡೀ ಯಕೃತ್ತು ಕೈಚೀಲವನ್ನು ಬಿಚ್ಚಿ ರಕ್ತಕ್ಕೆ ಸಕ್ಕರೆಯನ್ನು ಒದಗಿಸುತ್ತದೆ. ಇದಕ್ಕೆ ದೊಡ್ಡ ಗಿರಾಕಿ ಮಿದುಳು. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲು ಮಾತ್ರವಿರುವ ಮಿದುಳು ಶಕ್ತಿಯಲ್ಲಿ ನೂರಕ್ಕೆ ಇಪ್ಪತ್ತು ಪಾಲನ್ನು ಬಳಸುತ್ತದೆ. ದಿನಕ್ಕೆ ಸುಮಾರು ೧೨೦ ಗ್ರಾಂ ಸಕ್ಕರೆ ಅದೊಂದಕ್ಕೇ ಬೇಕು. ಆದುದರಿಂದ ಏಕಾದಶಿಯ ಮಧ್ಯಾಹ್ನ, ಎಂದರೆ ಉಂಡು ಒಂದು ದಿನವಾಗುವ ಹೊತ್ತಿಗೆ, ಯಕೃತ್ತಿನ ಕೈಚೀಲವು ಬಹುಮಟ್ಟಿಗೆ ಬರಿದಾಗುತ್ತದೆ.

ಆದರೂ ರಕ್ತದ ಆ ಒಂದು ಚಮಚೆ ಕಡಿಮೆಯಾಗುವುದಿಲ್ಲ. ಯಕೃತ್ತು ಈಗ ಸಕ್ಕರೆಯನ್ನು ಹೊಸದಾಗಿ ತಯಾರಿಸುತ್ತದೆ. ಕೊಬ್ಬು ಒಡೆದಾಗ ಬರುವ ಗ್ಲಿಸರಾಲ್, ಕೆಂಪು ರಕ್ತಕಣಗಳು ಬಿಡುವ ಲ್ಯಾಕ್ಟಿಕ್ ಆಮ್ಲ, ಸ್ನಾಯುಗಳಿಂದ ಬರುವ ಅಮೈನೋ ಆಮ್ಲ ಇವು ಅದಕ್ಕೆ ಸಾಮಗ್ರಿ. ದೇಹದ ಉಳಿದ ಅಂಗಗಳು ಸಕ್ಕರೆಯನ್ನು ಮಿದುಳಿಗೆ ಬಿಟ್ಟುಕೊಟ್ಟು ಕೊಬ್ಬನ್ನೇ ಉರಿಸತೊಡಗುತ್ತವೆ. ಯಕೃತ್ತು ಕೊಬ್ಬಿನಿಂದ ಕೀಟೋನ್ ಎಂಬ ಪದಾರ್ಥಗಳನ್ನೂ ಮಾಡಿ ಕಳುಹಿಸುತ್ತದೆ. ಮಿದುಳೂ ಕೂಡ ಇವನ್ನು ಕ್ರಮೇಣ ಸ್ವೀಕರಿಸುತ್ತದೆ. ಉಪವಾಸದ ಎರಡನೆಯ ಬೆಳಿಗ್ಗೆ ಉಸಿರಿನಲ್ಲಿ ಬರುವ ಒಂದು ಬಗೆಯ ವಾಸನೆಗೆ ಈ ಕೀಟೋನೇ ಕಾರಣ. ಸೌದೆ ಬದಲಾಯಿತು, ಬೆಂಕಿ ಆರಲಿಲ್ಲ. ಆರೋಗ್ಯವಂತರ ದೇಹದಲ್ಲಿ ಈ ಬದಲಾವಣೆಯು ಯಾರೂ ಹೇಳಿಕೊಡದೆ ನಡೆಯುತ್ತದೆ. ಇದಕ್ಕೆ ಮುಖ್ಯ ಕಾರಣ, ಉಪವಾಸದಲ್ಲಿ ಇನ್ಸುಲಿನ್ ತಾನಾಗಿಯೇ ತಗ್ಗುವುದು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಡಬೇಕು.

ಹಸಿವಿನ ಸ್ವಭಾವವೂ ವಿಚಿತ್ರವಾದುದು. ಊಟದ ವೇಳೆಗೆ ಜೋರಾಗಿ ಬಂದು, ಗಂಟೆ ಕಳೆದರೆ ತಾನೇ ಇಳಿಯುತ್ತದೆ. ಜಠರದಿಂದ ಹೊರಡುವ ಗ್ರೆಲಿನ್ ಎಂಬ ಹಾರ್ಮೋನು ರೂಢಿಯ ಊಟದ ವೇಳೆಗೆ ಏರಿ ಆಮೇಲೆ ಇಳಿಯುವುದೇ ಇದಕ್ಕೆ ಒಂದು ಕಾರಣ. ಇದನ್ನು ೧೯೯೯ರಲ್ಲಿ ಜಪಾನಿನ ವಿಜ್ಞಾನಿಗಳು ಕಂಡುಹಿಡಿದರು. ಬರಿಹೊಟ್ಟೆಯ ಗುಡುಗುಡು ಶಬ್ದವೂ ವ್ಯರ್ಥವಲ್ಲ. ಉಪವಾಸದಲ್ಲಿ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಜಠರದಿಂದ ಕರುಳಿನ ತುದಿಯವರೆಗೆ ಅಲೆಯೊಂದು ಹರಿದು, ಉಳಿದ ಚೂರುಗಳನ್ನು ಗುಡಿಸಿಕೊಂಡು ಹೋಗುತ್ತದೆ. ಆಗಾಗ ಏನಾದರೂ ಬಾಯಿಗೆ ಹಾಕಿಕೊಳ್ಳುತ್ತಿದ್ದರೆ ಈ ಕಸಗುಡಿಸುವ ಕೆಲಸ ನಿಲ್ಲುತ್ತದೆ.

ಇಲ್ಲಿ ಒಂದು ಎಚ್ಚರಿಕೆ. ಕಣಗಳು ತಮ್ಮ ಜೀರ್ಣಭಾಗಗಳನ್ನು ತಾವೇ ಕರಗಿಸಿ ಬಳಸುವ ಕ್ರಿಯೆಯನ್ನು ಕುರಿತ ಸಂಶೋಧನೆಗೆ ೨೦೧೬ರಲ್ಲಿ ಜಪಾನಿನ ಯೊಶಿನೊರಿ ಒಸುಮಿ ಅವರಿಗೆ ನೊಬೆಲ್ ಬಹುಮಾನ ಸಂದಿತು. ಅಂದಿನಿಂದ ಏಕಾದಶಿಗೇ ನೊಬೆಲ್ ಬಂದಿತೆಂಬಂತೆ ಕೆಲವರು ಹೇಳುವುದುಂಟು. ಒಸುಮಿ ಅವರು ಪರೀಕ್ಷಿಸಿದುದು ಯೀಸ್ಟಿನ ಕಣಗಳನ್ನು. ಹರಿದಿನದ ವ್ರತಕ್ಕೆ ಅಂತಹ ಪ್ರಮಾಣಪತ್ರದ ಅವಶ್ಯಕತೆಯೂ ಇಲ್ಲ. ವ್ರತವು ಭಗವತ್ಪ್ರೀತಿಗಾಗಿ, ದೇಹಕ್ಕೆ ಅದರಿಂದ ಒಳಿತಾದರೆ ಅದು ಜೊತೆಗೆ ಬಂದುದು.

ಶ್ವೇತಕೇತುವಿನ ಹದಿನೈದು ದಿನಗಳು

ಅನ್ನಕ್ಕೂ ಮನಸ್ಸಿಗೂ ಇರುವ ಸಂಬಂಧವನ್ನು ತಿಳಿಸುವ ಪ್ರಸಂಗವೊಂದು ಛಾಂದೋಗ್ಯೋಪನಿಷತ್ತಿನ ಆರನೆಯ ಅಧ್ಯಾಯದಲ್ಲಿದೆ. ಉದ್ದಾಲಕನು ಮಗನಾದ ಶ್ವೇತಕೇತುವಿಗೆ ಹದಿನೈದು ದಿನ ಊಟಮಾಡದಿರುವಂತೆ ಹೇಳುತ್ತಾನೆ. ಆದರೆ ನೀರನ್ನು ಬೇಕಾದಷ್ಟು ಕುಡಿಯಲು ಅನುಮತಿ ಕೊಡುತ್ತಾನೆ. ಅವಧಿ ಮುಗಿದಾಗ ಮಗನಿಗೆ ತಾನು ಕಲಿತ ವೇದಗಳು ತೋಚುವುದಿಲ್ಲ. ಊಟಮಾಡಿ ಬಂದ ಮೇಲೆ ಕೇಳಿದುದೆಲ್ಲವೂ ತೋಚುತ್ತದೆ. ತತ್ತ್ವೋಪದೇಶದ ಸಂದರ್ಭದಲ್ಲಿ ಬಂದ ಈ ಕಥೆಯಿಂದ ಎರಡು ಅಂಶಗಳು ನಮಗೆ ಉಪಯುಕ್ತವಾಗಿವೆ. ಮೊದಲನೆಯದು, ಉಪವಾಸಕ್ಕೆ ದೇಹದಲ್ಲಿ ಒಂದು ಮೇರೆಯಿದೆ, ಅದನ್ನು ದಾಟಿದರೆ ಬುದ್ಧಿಗೆ ಪೋಷಣೆ ತಪ್ಪುತ್ತದೆ. ಎರಡನೆಯದು, ಆ ತಂದೆಯು ನೀರನ್ನು ನಿಷೇಧಿಸಲಿಲ್ಲ.

ನಲವತ್ತೆರಡು ಗಂಟೆಗಳ ಉಪವಾಸವು ಆರೋಗ್ಯವಂತರ ಮಟ್ಟಿಗೆ ಆ ಮೇರೆಗಿಂತ ಬಹಳ ಈಚೆಗಿದೆ. ಆದರೆ ಎಲ್ಲರ ಮೇರೆಯೂ ಒಂದೇ ಅಲ್ಲ.

ಔಷಧಕ್ಕೆ ತಿಥಿ ತಿಳಿಯದು

ದ್ವಾದಶಿಯ ಬೆಳಗಿನ ಪಾರಣೆಯ ಪಂಕ್ತಿಯಲ್ಲಿ ಹಿರಿಯರೊಬ್ಬರು ಬೆವತು, ಕೈನಡುಗಿ, ತೊದಲುತ್ತ ಕುಸಿಯುವುದನ್ನು ನಾವು ಒಂದಕ್ಕಿಂತ ಹೆಚ್ಚು ಬಾರಿ ಕಂಡಿದ್ದೇವೆ. ಸುತ್ತಲಿದ್ದವರು ಉಪವಾಸದ ಆಯಾಸವೆಂದು ಬಗೆದು ಗಾಳಿ ಬೀಸುತ್ತಾರೆ. ಅನೇಕ ವೇಳೆ ಅದು ಆಯಾಸವಲ್ಲ. ರಕ್ತದ ಸಕ್ಕರೆ ಅಪಾಯಕರವಾಗಿ ಇಳಿದಿರುವುದರ ಲಕ್ಷಣ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು ೨೦೨೩ರಲ್ಲಿ ಪ್ರಕಟವಾದ ಸಮೀಕ್ಷೆಯಂತೆ ನಮ್ಮ ದೇಶದಲ್ಲಿ ಮಧುಮೇಹಿಗಳ ಸಂಖ್ಯೆ ಹತ್ತು ಕೋಟಿಯನ್ನು ಮೀರಿದೆ. ವ್ರತವನ್ನು ನಿಷ್ಠೆಯಿಂದ ಆಚರಿಸುವ ಹಿರಿಯರಲ್ಲಿ ಇಂತಹವರು ಅನೇಕರು. ಉಪವಾಸದಲ್ಲಿ ಇನ್ಸುಲಿನ್ ತಾನಾಗಿಯೇ ತಗ್ಗುವುದೆಂದು ಮೇಲೆ ಹೇಳಿದೆವಷ್ಟೆ. ಸೂಜಿಯಿಂದ ಚುಚ್ಚಿಕೊಂಡ ಇನ್ಸುಲಿನ್ ಹಾಗೆ ತಗ್ಗುವುದಿಲ್ಲ. ಗ್ಲಿಬೆನ್‌ಕ್ಲಮೈಡ್, ಗ್ಲಿಮೆಪಿರೈಡ್ ಮುಂತಾದ ಮಾತ್ರೆಗಳು ಹೊಟ್ಟೆಯಲ್ಲಿ ಅನ್ನವಿರಲಿ ಇಲ್ಲದಿರಲಿ ಇನ್ಸುಲಿನನ್ನು ಹೊರಡಿಸುತ್ತಲೇ ಇರುತ್ತವೆ. ಆಗ ಯಕೃತ್ತಿನ ಕಣಜದ ಬಾಗಿಲು ಸರಿಯಾಗಿ ತೆರೆಯದು, ಕೊಬ್ಬಿನ ನಿಧಿಯೂ ಕೈಗೆ ಸಿಕ್ಕದು, ಇದ್ದ ಒಂದು ಚಮಚೆ ಸಕ್ಕರೆಯೂ ಕರಗುತ್ತದೆ. ಡೆಸಿಲೀಟರಿಗೆ ೭೦ ಮಿಲಿಗ್ರಾಮಿಗಿಂತ ಇಳಿದರೆ ಎಚ್ಚರವಾಗಬೇಕು. ೫೪ಕ್ಕಿಂತ ಇಳಿದರೆ ಮಿದುಳಿನ ಕೆಲಸವೇ ಕೆಡತೊಡಗುತ್ತದೆ.

ಹಾಗೆಂದು ಔಷಧವನ್ನು ತಾವಾಗಿಯೇ ನಿಲ್ಲಿಸುವುದೂ ಸಲ್ಲದು. ಚಿಕ್ಕಂದಿನಿಂದ ಇನ್ಸುಲಿನನ್ನೇ ಅವಲಂಬಿಸಿದವರು ಅದನ್ನು ಪೂರ್ತಿಯಾಗಿ ಬಿಟ್ಟರೆ ಕೀಟೋನುಗಳು ಮಿತಿಮೀರಿ ರಕ್ತವು ಆಮ್ಲವಾಗಿ ಪ್ರಾಣಕ್ಕೆ ಅಪಾಯವಾಗುತ್ತದೆ. ಈಚೆಗೆ ಬಂದಿರುವ ಡಪಾಗ್ಲಿಫ್ಲೊಜಿನ್, ಎಂಪಾಗ್ಲಿಫ್ಲೊಜಿನ್ ಎಂಬ ಮಾತ್ರೆಗಳನ್ನು ಸೇವಿಸುವವರಿಗೂ ದೀರ್ಘ ಉಪವಾಸದಲ್ಲಿ ಇದೇ ಭಯವುಂಟು. ಅವು ಮೂತ್ರದ ಮೂಲಕ ನೀರನ್ನೂ ಹೆಚ್ಚು ಹೊರಹಾಕುತ್ತವೆ. ಸಾಂಟೋರಿಯೊ ತೂಗಿದಂತೆ, ಬೆವರದೆ ಕುಳಿತಿದ್ದರೂ ಚರ್ಮ ಮತ್ತು ಉಸಿರಿನಿಂದ ನೀರು ಹೋಗುತ್ತಲೇ ಇರುತ್ತದೆ. ಮೂತ್ರಪಿಂಡದ ತೊಂದರೆಯುಳ್ಳವರೂ ರಕ್ತದೊತ್ತಡಕ್ಕೆ ಮೂತ್ರವನ್ನು ಹೆಚ್ಚಿಸುವ ಮಾತ್ರೆಯನ್ನು ಸೇವಿಸುವವರೂ ನಿರ್ಜಲ ಉಪವಾಸಕ್ಕೆ ಮುನ್ನ ಇದನ್ನು ಯೋಚಿಸಬೇಕು. ಗರ್ಭಿಣಿಯರು, ಮೊಲೆಯುಣಿಸುವ ತಾಯಂದಿರು, ಬಹಳ ಕೃಶರಾದ ವೃದ್ಧರು ಇವರ ವಿಷಯದಲ್ಲಿಯೂ ವೈದ್ಯರ ಮಾತು ಮೊದಲು.

ಧರ್ಮಶಾಸ್ತ್ರವು ಈ ವಿಷಯದಲ್ಲಿ ನಿಷ್ಕರುಣವಾಗಿಲ್ಲ. ಬಾಲರಿಗೆ, ವೃದ್ಧರಿಗೆ, ರೋಗಿಗಳಿಗೆ, ಅಶಕ್ತರಿಗೆ ಅನುಕಲ್ಪವನ್ನು ಹೇಳಿದೆ. ಮಹಾಭಾರತದ ಉದ್ಯೋಗಪರ್ವದಲ್ಲಿ ವ್ರತಕ್ಕೆ ಭಂಗವನ್ನು ತಾರದವುಗಳನ್ನು ಎಣಿಸುವಾಗ ನೀರು, ಹಣ್ಣು, ಹಾಲುಗಳ ಜೊತೆಗೆ ಗುರುವಚನವನ್ನೂ ಔಷಧವನ್ನೂ ಸೇರಿಸಿದೆ. ಆದುದರಿಂದ ಮಧುಮೇಹಿಗಳು ದಶಮಿಗೆ ಮುಂಚೆಯೇ ತಮ್ಮ ವೈದ್ಯರನ್ನು ಕಂಡು, ಆ ಮೂರು ದಿನ ಯಾವ ಔಷಧವನ್ನು ಎಷ್ಟು ತೆಗೆದುಕೊಳ್ಳಬೇಕೆಂದು ಕೇಳಿ ಬರೆಸಿಕೊಳ್ಳುವುದು ಯುಕ್ತ. ವೈದ್ಯರು ಉಪವಾಸ ಕೂಡದೆಂದರೆ, ತಮ್ಮ ಗುರುಗಳಲ್ಲಿ ಅರಿಕೆಮಾಡಿಕೊಂಡು ಅವರು ವಿಧಿಸಿದ ಅನುಕಲ್ಪದಂತೆ ನಡೆದರೆ ವ್ರತಲೋಪವೆಂದು ಕೊರಗಬೇಕಾದ ಕಾರಣವಿಲ್ಲ. ಮನೆಯವರು ಹಿರಿಯರ ಹಟಕ್ಕೆ ಹೆದರಿ ಸುಮ್ಮನಿರಬಾರದು.

ಬೆವರು, ನಡುಕ, ಎದೆಬಡಿತ, ಕಣ್ಣುಕತ್ತಲೆ, ಅಸಂಬದ್ಧ ಮಾತು ಕಂಡುಬಂದರೆ, ಎಚ್ಚರವಿರುವವರಿಗೆ ಮೂರು ಚಮಚೆ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು. ಹದಿನೈದು ನಿಮಿಷದಲ್ಲಿ ಮತ್ತೆ ಸಕ್ಕರೆಯನ್ನು ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಎಚ್ಚರ ತಪ್ಪಿದವರ ಬಾಯಿಗೆ ತೀರ್ಥವನ್ನಾಗಲಿ ನೀರನ್ನಾಗಲಿ ಹಾಕಲೇಬಾರದು; ಅದು ಶ್ವಾಸನಾಳಕ್ಕೆ ಇಳಿಯುವ ಭಯವುಂಟು. ಅವರನ್ನು ಮಗ್ಗುಲಾಗಿ ಮಲಗಿಸಿ, ೧೦೮ಕ್ಕೆ ಕರೆಮಾಡಿ ಆಸ್ಪತ್ರೆಗೆ ಸಾಗಿಸಬೇಕು. ಪಾರಣೆ ಇನ್ನೂ ಆಗಿಲ್ಲವೆಂದು ಕಾಯುವ ಸಮಯ ಅದಲ್ಲ.

ಫಲಾಹಾರ ಮತ್ತು ಪಾರಣೆ

ಇನ್ನೆರಡು ಮಾತುಗಳು. ಉಪವಾಸದ ಹೆಸರಿನಲ್ಲಿ ಸಬ್ಬಕ್ಕಿಯ ವಡೆ, ಅವಲಕ್ಕಿ, ರವೆಯ ಉಪ್ಪಿಟ್ಟು, ಹುರಿದ ಗೆಣಸು ಇವನ್ನು ಹೊಟ್ಟೆ ತುಂಬ ಸೇವಿಸುವುದು ಕೆಲವೆಡೆ ರೂಢಿಯಾಗಿದೆ. ಸಬ್ಬಕ್ಕಿಯು ಬಹುತೇಕ ಶುದ್ಧ ಪಿಷ್ಟವೇ, ಅವಲಕ್ಕಿಯಂತೂ ಅಕ್ಕಿಯೇ. ಎಲೆಯ ಮೇಲೆ ಹೆಸರು ಬದಲಾದರೂ ಕರುಳಿನಲ್ಲಿ ಎಲ್ಲವೂ ಗ್ಲೂಕೋಸ್ ಆಗುತ್ತದೆ, ಇನ್ಸುಲಿನ್ ಏರುತ್ತದೆ, ಕೊಬ್ಬಿನ ನಿಧಿಯ ಬಾಗಿಲು ಮುಚ್ಚುತ್ತದೆ. ಅಶಕ್ತರು ಅನುಕಲ್ಪವಾಗಿ ಮಿತವಾಗಿ ಸ್ವೀಕರಿಸುವುದು ಬೇರೆ. ಶಕ್ತರು ಎರಡು ಹೊತ್ತಿನ ಭೋಜನವನ್ನು ಬೇರೆ ಹೆಸರಿನಿಂದ ಮಾಡುವುದು ಬೇರೆ. ದೇಹವು ಅದನ್ನು ಉಪವಾಸವೆಂದು ಒಪ್ಪುವುದಿಲ್ಲ.

ಪಾರಣೆಯಲ್ಲಿ ತೀರ್ಥವನ್ನು ಸ್ವೀಕರಿಸಿ, ಅಗಸೆಸೊಪ್ಪು, ನೆಲ್ಲಿಕಾಯಿಗಳೊಡನೆ ಮಿತವಾಗಿ ಉಣ್ಣುವ ನಮ್ಮ ಕ್ರಮವು ದೇಹಕ್ಕೂ ಹಿತವಾಗಿದೆ. ನಲವತ್ತೆರಡು ಗಂಟೆ ಬಿಡುವಾಗಿದ್ದ ಜಠರಕ್ಕೆ ಕರಿದ ತಿಂಡಿಯನ್ನೂ ಹೋಳಿಗೆಯನ್ನೂ ಒಮ್ಮೆಲೇ ಹೇರಿದರೆ ಹೊಟ್ಟೆಯುಬ್ಬರ ತಪ್ಪದು. ಕೊಬ್ಬನ್ನು ಉರಿಸುತ್ತಿದ್ದ ದೇಹಕ್ಕೆ ಸಕ್ಕರೆಯನ್ನು ಒಮ್ಮೆಲೇ ಸುರಿದರೆ, ಮಧುಮೇಹವಿಲ್ಲದವರಲ್ಲಿಯೂ ರಕ್ತದ ಸಕ್ಕರೆಯು ಎಂದಿಗಿಂತ ಹೆಚ್ಚಾಗಿ ಏರುತ್ತದೆ. ನಿಧಾನವಾಗಿ ಅಗಿದು, ಮೊದಲು ನೀರು ಮಜ್ಜಿಗೆಗಳಿಂದ ಆರಂಭಿಸಿ, ಹೊಟ್ಟೆಯಲ್ಲಿ ಸ್ವಲ್ಪ ಸ್ಥಳ ಉಳಿಸುವುದು ಉತ್ತಮ.

ಭಗವಂತನು ನಮ್ಮೊಳಗಿದ್ದು ಅನ್ನವನ್ನು ಪಚಿಸುತ್ತಾನೆಂದು ನಂಬುವವರಿಗೆ ದೇಹವು ಅವನ ಸನ್ನಿಧಾನವುಳ್ಳ ಮಂದಿರ. ಆ ಮಂದಿರದ ದೀಪವು ಯಾವ ಎಣ್ಣೆಯಿಂದ ಎಷ್ಟು ಹೊತ್ತು ಉರಿಯುತ್ತದೆಂದು ತಿಳಿದಿರುವುದು ಪೂಜಕನ ಕರ್ತವ್ಯದ ಒಂದು ಭಾಗವೇ ಆಗಿದೆ. ಮುಂಬರುವ ದಶಮಿಗೆ ಮುನ್ನ ಪ್ರತಿಯೊಂದು ಮನೆಯಲ್ಲಿಯೂ ಹಿರಿಯರ ಔಷಧದ ಚೀಟಿಯನ್ನು ಒಮ್ಮೆ ತೆಗೆದು ನೋಡಿ, ಸಂಶಯವಿದ್ದಲ್ಲಿ ವೈದ್ಯರನ್ನು ವಿಚಾರಿಸಬೇಕೆಂದು ಓದುಗರಲ್ಲಿ ನಮ್ಮ ವಿನಮ್ರ ಪ್ರಾರ್ಥನೆ.

ಶ್ರೀಕೃಷ್ಣಾರ್ಪಣಮಸ್ತು.